ಪದ ಪರಿಚಯ: ಸುಧಾರಿಸಿಕೊಳ್ಳುವುದು

ಮಲೆನಾಡಿನಲ್ಲಿ ಈ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ. ಗುಡ್ಡ ಹತ್ತಿ ಬಂದವರಿಗೆ "ಸ್ವಲ್ಪ ಕೂತು ಸುಧಾರಿಸ್ಕೊಳ್ಳಿ, ಆಮೇಲೆ ಮಾತಾಡೋಣ" ಅನ್ನುತ್ತೇವೆ. ಜ್ವರ ಬಿಟ್ಟ ಮಗು ಸುಧಾರಿಸಿಕೊಂಡಿದೆ ಅನ್ನುತ್ತೇವೆ. ಊಟಕ್ಕೆ ಹೇಳಿದ್ದಕ್ಕಿಂತ ಜಾಸ್ತಿ ಜನ ಬಂದರೂ ಮನೆಯವರು ಹೇಗೋ ಸುಧಾರಿಸುತ್ತಾರೆ.

ನಾನು ಶಿವಮೊಗ್ಗದಲ್ಲಿ ಆಪ್ತಸಮಾಲೋಚನೆ ಮಾಡುತ್ತೇನೆ. ನಮ್ಮ ಕೆಲಸದಲ್ಲಿ 'ಸೆಲ್ಫ್ ಕೇರ್' ಅನ್ನುವ ಮಾತು ತುಂಬ ಬರುತ್ತದೆ. ಕನ್ನಡದಲ್ಲಿ ಅದನ್ನು 'ಸ್ವ-ಆರೈಕೆ' ಎಂದು ಬರೆಯುತ್ತಾರೆ. ತಪ್ಪೇನಿಲ್ಲ. ಆದರೆ ಅದನ್ನು ಕೇಳಿದರೆ ಭಾನುವಾರದ ಎಣ್ಣೆಸ್ನಾನವೋ, ವರ್ಷಕ್ಕೊಂದು ಪ್ರವಾಸವೋ ಕಣ್ಣಮುಂದೆ ಬರುತ್ತದೆ. ಅವೆಲ್ಲ ಕೆಲಸ ಮುಗಿದ ಮೇಲಿನವು. ಕೆಲಸದ ಮಧ್ಯೆ, ಒಬ್ಬರು ಎದ್ದು ಹೋಗಿ ಇನ್ನೊಬ್ಬರು ಬರುವುದರೊಳಗೆ ಮಾಡಬೇಕಾದದ್ದಕ್ಕೆ ನನಗೆ ಸರಿಯೆನಿಸುವ ಪದ ಸುಧಾರಿಸಿಕೊಳ್ಳುವುದು.

ಸೊಪ್ಪಿನ ಬೆಟ್ಟದಿಂದ ಹೊರೆ ಹೊತ್ತು ತೋಟಕ್ಕೆ ಇಳಿಯುವವರನ್ನು ನೋಡಿದ್ದೀರಾ? ದಾರಿಯಲ್ಲಿ ದಣಿವಾದರೆ ಅವರು ಹೊರೆಯನ್ನು ನೆಲಕ್ಕೆ ಹಾಕುವುದಿಲ್ಲ. ಹಾಕಿದರೆ ಒಬ್ಬರೇ ಮತ್ತೆ ತಲೆಗೇರಿಸುವುದು ಕಷ್ಟ. ತಲೆಯೆತ್ತರದ ಧರೆ, ಅಂದರೆ ದಾರಿ ಬದಿಯ ಮಣ್ಣಿನ ದಿಬ್ಬ, ಸಿಕ್ಕ ಕಡೆ ಹೊರೆಯನ್ನು ಅದಕ್ಕೆ ಜರುಗಿಸುತ್ತಾರೆ. ಸಿಂಬೆ ಸರಿಮಾಡುತ್ತಾರೆ, ಕುತ್ತಿಗೆ ಆಚೀಚೆ ತಿರುಗಿಸುತ್ತಾರೆ, ನಾಲ್ಕು ಉಸಿರು ಬಿಡುತ್ತಾರೆ. ಮತ್ತೆ ಹೊರೆಯ ಕೆಳಗೆ ತಲೆ ಕೊಟ್ಟು ಹೊರಡುತ್ತಾರೆ. ಎರಡು ನಿಮಿಷವೂ ಆಗಿರುವುದಿಲ್ಲ. ಆದರೆ ಆ ಎರಡು ನಿಮಿಷ ಬಿಟ್ಟವರು ಕೆಳಗಿನ ಸಂಕ (ಹಳ್ಳದ ಕಾಲುಸೇತುವೆ) ದಾಟುವಾಗ ಕಾಲು ಜಾರುತ್ತಾರೆ.

ಪದದ ಕೊನೆಯಲ್ಲಿರುವ 'ಕೊಳ್ಳು' ಅನ್ನೂ ಗಮನಿಸಬೇಕು. ಬಡಿಸು ಅಂದರೆ ಬೇರೆಯವರ ಎಲೆಗೆ. ಬಡಿಸಿಕೊ ಅಂದರೆ ನಮ್ಮ ಎಲೆಗೆ. ಮಾಡಿದ್ದರ ಫಲ ಮಾಡಿದವರಿಗೇ ಬರಲಿ ಅನ್ನುವುದನ್ನು ಕನ್ನಡ ಇಷ್ಟು ಚಿಕ್ಕದರಲ್ಲಿ ಹೇಳಿಬಿಡುತ್ತದೆ. ದಿನವಿಡೀ ಪಂಕ್ತಿಗೆ ಬಡಿಸುವವರು ತಮ್ಮ ಎಲೆ ಮರೆಯುವುದು ಸುಲಭ, ಅಲ್ವಾ?

ಕುರ್ಚಿಯಲ್ಲಿ ಕೂತು ಕೇಳುವುದಕ್ಕೆ ಏನು ದಣಿವು ಎಂದು ಕೇಳುವವರಿದ್ದಾರೆ. ಎಲೆಚುಕ್ಕಿ ರೋಗಕ್ಕೆ ಅಡಿಕೆ ತೋಟ ಸೊರಗಿ ಸಾಲದಲ್ಲಿ ಕೂತವರು, ಮಕ್ಕಳೆಲ್ಲ ಬೆಂಗಳೂರು ಸೇರಿ ದೊಡ್ಡ ಮನೆಯಲ್ಲಿ ಒಂಟಿಯಾದವರು ಎದುರಿಗೆ ಕೂತಿರುತ್ತಾರೆ. ಅವರ ಭುಜ ಬಿಗಿದರೆ ಕೇಳುವವರ ಭುಜವೂ ಬಿಗಿಯುತ್ತದೆ. ಅವರು ಉಸಿರು ಹಿಡಿದರೆ ನಮ್ಮದೂ ನಿಲ್ಲುತ್ತದೆ. ನಮಗೇ ಗೊತ್ತಾಗುವುದಿಲ್ಲ.

ಈ ದಣಿವಿಗೆ ಹೆಸರುಗಳಿವೆ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವವರ ಬಗ್ಗೆ ಬರೆಯುತ್ತಾ 'ಬರ್ನ್‌ಔಟ್' ಅಂದರು. ಉರಿದು ಬರಿದಾಗುವುದು. ಅಲ್ಲಿನವರೇ ಆದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮಾಸ್ಲಾಕ್ ಅದರಲ್ಲಿ ಮೂರು ಎಳೆ ಗುರುತಿಸಿದರು: ಮನಸ್ಸು ಪೂರ್ತಿ ಸೋತುಹೋಗುವುದು, ಎದುರಿನವರು ಮನುಷ್ಯರಾಗಿ ಕಾಣದೆ 'ಇನ್ನೊಂದು ಕೇಸ್' ಆಗುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ ಇದನ್ನು ಕಾಯಿಲೆ ಎಂದು ಕರೆಯದೆ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದು ಹೇಳುತ್ತದೆ. ಈ ಮಾತು ನನಗೆ ಬಹಳ ಮುಖ್ಯ. ದಿನಕ್ಕೆ ಎಂಟು ಜನರನ್ನು ನೋಡಲೇಬೇಕು ಎಂದು ಕೂರಿಸಿ, ಮೇಲೆ 'ನಿಮ್ಮನ್ನು ನೀವು ನೋಡಿಕೊಳ್ಳಿ' ಅನ್ನುವುದು ಸರಿಯಲ್ಲ. ಸುಧಾರಿಸಿಕೊಳ್ಳಲು ದಾರಿಯಲ್ಲಿ ಧರೆಯಾದರೂ ಇರಬೇಕಲ್ಲ.

ಇದನ್ನು ನಾನು ಪಾಠ ಕೇಳಿ ಕಲಿಯಲಿಲ್ಲ. ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಂದು ಮಳೆಗಾಲದ ದಿನ ಊಟವನ್ನೂ ಬಿಟ್ಟು ಆರು ಸೆಷನ್ ಬೆನ್ನುಬೆನ್ನಿಗೆ ಮಾಡಿದ್ದೆ. ಆರನೆಯವರು ಒಬ್ಬ ಹೆಂಗಸು. ಕೂತ ಕೂಡಲೇ "ನಿಮ್ಮ ತಮ್ಮ ಈಗ ಹೇಗಿದ್ದಾನೆ?" ಎಂದು ಕೇಳಿದೆ. ಅವರಿಗೆ ತಮ್ಮ ಇರಲಿಲ್ಲ. ತಮ್ಮನ ಚಿಂತೆ ಹೇಳಿ ಅತ್ತವರು ಹಿಂದಿನ ಸೆಷನ್ನಿನವರು. ಆ ಹೆಂಗಸು ಸಿಟ್ಟಾಗಲಿಲ್ಲ. ಬಿಚ್ಚಲು ಹೊರಟಿದ್ದ ಚೀಲದ ಜಿಪ್ಪನ್ನು ಮೆಲ್ಲಗೆ ವಾಪಸ್ ಎಳೆದು, ಚೀಲವನ್ನು ಮಡಿಲಿಗೆ ಇಟ್ಟುಕೊಂಡರು, ಅಷ್ಟೆ. ಅವತ್ತು ಅವರು ಜಾಸ್ತಿ ಏನೂ ಹೇಳಲಿಲ್ಲ. ಆ ಜಿಪ್ಪಿನ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಸೆಷನ್ ಸಾಮಾನ್ಯವಾಗಿ 45ರಿಂದ 50 ನಿಮಿಷ. ಗಂಟೆಯಲ್ಲಿ ಕಡೇಪಕ್ಷ ಉಳಿಯುವ ಹತ್ತು ನಿಮಿಷ ಪುಸ್ತಕದ ಲೆಕ್ಕದಲ್ಲಿ ನಮ್ಮದು. ಆದರೆ ಇಲ್ಲಿ ಆ ಹತ್ತು ನಿಮಿಷವನ್ನು ಬಸ್ಸು ತಿನ್ನುತ್ತದೆ. ಹೊಸನಗರದ ಕಡೆಯಿಂದಲೋ ತೀರ್ಥಹಳ್ಳಿ ಆಚೆಯ ಹಳ್ಳಿಯಿಂದಲೋ ಬೆಳಿಗ್ಗೆಯೇ ಹೊರಟವರು ಮಳೆಗೆ ಸಿಕ್ಕಿ ತಡವಾಗಿ ಬರುತ್ತಾರೆ. ವಾಪಸ್ ಹೋಗುವ ಬಸ್ ತಪ್ಪಿದರೆ ರಾತ್ರಿ ಅವರಿಗೆ ಬೇರೆ ದಾರಿಯಿಲ್ಲ. ಅಂಥವರನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನು ಒಳಗೆ ಸುಮ್ನೆ ಕೂರುವುದು ಹೇಗೆ? ಈ ಸಂಕಟ ನಿಜ. ಬಹಳ ಕಾಲ ನಾನು ನನ್ನ ಹತ್ತು ನಿಮಿಷವನ್ನೇ ಕೊಟ್ಟೆ. ಈಗ ಹೆಸರು ಬರೆಸುವಾಗಲೇ "ನಿಮ್ಮ ಬಸ್ ಎಷ್ಟು ಹೊತ್ತಿಗೆ?" ಎಂದು ಕೇಳಿ, ದೂರದವರಿಗೆ ಮಧ್ಯಾಹ್ನದ ಸಮಯ ಇಡುತ್ತೇನೆ. ದಿನಕ್ಕೆ ಒಬ್ಬರು ಕಡಿಮೆಯಾಗುತ್ತಾರೆ. ಕಡಿಮೆಯಾದ ಹಣವನ್ನೂ ಒಪ್ಪಿಕೊಂಡಿದ್ದೇನೆ.

ಆ ಹತ್ತು ನಿಮಿಷದಲ್ಲಿ ಮಾಡುವುದು ದೊಡ್ಡದೇನಲ್ಲ. ಮೊದಲು ಟಿಪ್ಪಣಿ ಬರೆದು ಫೈಲ್ ಮುಚ್ಚುತ್ತೇನೆ. ಬರೆಯದ ಮಾತು ಮುಂದಿನ ಸೆಷನ್ನಿಗೂ ಹಿಂದೆಯೇ ಬರುತ್ತದೆ. ಆಮೇಲೆ ಎದ್ದು ಮುಖಕ್ಕೆ ತಣ್ಣೀರು, ಒಂದು ಲೋಟ ಕುಡಿಯುವ ನೀರು. ಜಗಲಿಗೆ ಬಂದು ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ನಿಧಾನ ಮಾಡುತ್ತೇನೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಹಾಗೆ ಮಾಡಿದರೆ ಎದೆಬಡಿತ ಇಳಿಯುತ್ತದೆ. ಫೋನ್ ಮುಟ್ಟುವುದಿಲ್ಲ. ಸಾಯುವ ಮಾತು ಬಂದ ಸೆಷನ್ ಆದರೆ ಹತ್ತು ನಿಮಿಷ ಸಾಲುವುದಿಲ್ಲ, ಮುಂದಿನವರ ಸಮಯವನ್ನು ಸರಿಸಲೇಬೇಕು.

ಒಂದು ಹೊರೆ ಮಾತ್ರ ಈ ಹತ್ತು ನಿಮಿಷಕ್ಕೆ ಬಗ್ಗುವುದಿಲ್ಲ. ಕೇಳಿದ್ದನ್ನು ಮನೆಗೆ ಹೋಗಿ ಹೇಳಿಕೊಳ್ಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟನ್ನು ಕಾಯುತ್ತದೆ. ಕಾಯ್ದೆ ಇರದಿದ್ದರೂ, ಹೆಸರು ಬಿಟ್ಟು ಬರೀ ಊರು ಹೇಳಿದರೆ ಯಾರ ಮನೆ ಎಂದು ಗೊತ್ತಾಗಿಬಿಡುವ ಸೀಮೆ ಇದು. ಅದಕ್ಕೇ ಈ ವೃತ್ತಿಯಲ್ಲಿ 'ಸೂಪರ್‌ವಿಷನ್' ಎಂಬ ಪದ್ಧತಿ ಇದೆ. ತಪಾಸಣೆ ಎಂದು ತಿಳಿಯಬೇಡಿ. ಅನುಭವಿ ಹಿರಿಯರ ಮುಂದೆ ಕೂತು, ಗುರುತು ಬಿಟ್ಟುಕೊಡದೆ, ನನಗೆ ಎಲ್ಲಿ ಭಾರವಾಯಿತು ಎಂದು ಹೇಳಿಕೊಳ್ಳುವುದು. ಒಬ್ಬರಿಗೆ ಏರಿಸಲಾಗದ ಹೊರೆಗೆ ಇನ್ನೊಬ್ಬರು ಕೈಕೊಟ್ಟ ಹಾಗೆ.

ಹೋದ ಆಷಾಢದಲ್ಲಿ ಒಬ್ಬ ಹಿರಿಯರು ಮೊದಲ ಸಲ ಬಂದರು. ಕೊಡೆಯಿಂದ ನೀರು ಸೋರುತ್ತಿತ್ತು. ನಾನು ಬಾಗಿಲಲ್ಲೇ ನಿಂತು, "ಹತ್ತು ನಿಮಿಷ ಕೊಡ್ತೀರಾ? ಸ್ವಲ್ಪ ಸುಧಾರಿಸ್ಕೊಂಡು ಕರೀತೀನಿ" ಅಂದೆ. ಅವರು ಕೊಡೆಯನ್ನು ಮೂಲೆಗೆ ಒರಗಿಸಿ, ಬೆಂಚಿನ ಮೇಲೆ ಕಾಲು ಚಾಚಿ ಕೂತರು.

"ಆಗ್ಲಿ ಬಿಡಿ. ಬಸ್ಸಲ್ಲಿ ನಿಂತ್ಕೊಂಡೇ ಬಂದೆ. ನಾನೂ ಒಂಚೂರು ಸುಧಾರಿಸ್ಕೊಳ್ತೀನಿ."