ನಿಲ್ಲಿಸಿದ ಬಸ್ಸಿನ ಲೆಕ್ಕ

ಕಾಲೇಜುಗಳ ಪರಿಸರ ಆಡಿಟ್ ಮಾಡುವುದು ನನ್ನ ಕೆಲಸ. ಗಿಡ, ಸೋಲಾರ್, ಮಳೆನೀರಿನ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಗೊತ್ತಿರುವುದೇ. ಆದರೆ ‘ಕಾಲೇಜಿನ ಡೀಸೆಲ್ ಬಸ್ ನಿಲ್ಲಿಸಿದೆವು, ಹೊಗೆ ಕಡಿಮೆಯಾಯಿತು’ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ.

ಹೊಗೆ ಎಲ್ಲಿ ಕಡಿಮೆಯಾಯಿತು? ಸಂಸ್ಥೆಗಳು ತಮ್ಮಿಂದಾಗುವ ಹೊಗೆಯ ಲೆಕ್ಕ ಇಡಲು 2001ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್, ಆ ಲೆಕ್ಕವನ್ನು ಮೂರು ಸ್ಕೋಪ್, ಅಂದರೆ ಮೂರು ಭಾಗ, ಮಾಡಿ ಇಡುತ್ತದೆ. ಕಾಲೇಜಿನ ಸ್ವಂತ ಬಸ್ಸಿನ ಡೀಸೆಲ್ ಸ್ಕೋಪ್ 1. ಕೊಂಡ ಕರೆಂಟು ಸ್ಕೋಪ್ 2. ಹುಡುಗರು ತಮ್ಮ ಗಾಡಿಯಲ್ಲಿ ಬಂದು ಹೋಗುವುದು ಸ್ಕೋಪ್ 3ಕ್ಕೆ ಸೇರುತ್ತದೆ, ಅದನ್ನು ತೋರಿಸಲೇಬೇಕು ಅನ್ನುವ ಕಡ್ಡಾಯ ಅದರಲ್ಲಿಲ್ಲ. ಬಸ್ ನಿಂತ ದಿನವೇ ಸ್ಕೋಪ್ 1 ಇಳಿಯುತ್ತದೆ. ಅದರಲ್ಲಿ ಬರುತ್ತಿದ್ದವರು ಒಬ್ಬೊಬ್ಬರೇ ಬೈಕಿನಲ್ಲಿ ಬರತೊಡಗುತ್ತಾರೆ. ಆ ಪೆಟ್ರೋಲು ಯಾರ ಲೆಕ್ಕಕ್ಕೂ ಬರುವುದಿಲ್ಲ. ದುಡ್ಡು ಮಾತ್ರ ಅಪ್ಪ ಅಮ್ಮನ ಕೈಯಿಂದ ಹೋಗುತ್ತದೆ.

ಬೈಕ್ ಇಲ್ಲದವರ ಕಥೆ? ಒಂದು ಕಾಲೇಜಿನಲ್ಲಿ ಸುಮ್ನೆ ಹಾಜರಿ ಪುಸ್ತಕ ತರಿಸಿ ನೋಡಿದೆ. ಬಸ್ ನಿಂತ ವಾರದಿಂದ ಬೆಳಗಿನ ಲ್ಯಾಬಿಗೆ ಅದೇ ನಾಲ್ಕೈದು ಹೆಸರುಗಳ ಮುಂದೆ ಕೆಂಪು ಗೆರೆ. ಆ ಪೈಕಿ ಒಬ್ಬ ಹುಡುಗಿ ಕತ್ತಲಲ್ಲೇ ಮನೆ ಬಿಟ್ಟು, ಎರಡು ಬಸ್ ಬದಲಿಸಿ, ಕೊನೆಗೆ ನಡೆದು ಬರುತ್ತಿದ್ದಳು. ‘ಲೇಟಾದರೆ ಒಳಗೆ ಬಿಡಲ್ಲ ಸರ್, ಅದಕ್ಕೆ ಕೆಲವು ದಿನ ಬರುವುದೇ ಇಲ್ಲ’ ಎಂದಳು. ಪರಿಸರ ವರದಿಯಲ್ಲಿ ಹಾಜರಿಗೆ ಒಂದು ಕಾಲಂ ಕೂಡ ಇರಲಿಲ್ಲ.

ಸುಸ್ಥಿರ ಅಭಿವೃದ್ಧಿಗೆ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ 1987ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ಎಲ್ಲರೂ ವರದಿಯ ಮೊದಲ ಪುಟದಲ್ಲೇ ಹಾಕುತ್ತಾರೆ: ಮುಂದಿನ ಪೀಳಿಗೆಗೆ ಕಷ್ಟವಾಗದ ಹಾಗೆ ಇಂದಿನ ಅಗತ್ಯ ಪೂರೈಸುವುದು. ಅದರ ಬೆನ್ನಿಗೇ ಇರುವ ಮಾತನ್ನು ಬಿಟ್ಟುಬಿಡುತ್ತಾರೆ. ಬಡವರ ಮೂಲ ಅಗತ್ಯಗಳಿಗೆ ಎಲ್ಲಕ್ಕಿಂತ ಮೊದಲ ಸ್ಥಾನ ಅಂತ ಅಲ್ಲೇ ಬರೆದಿದೆ, ಅಲ್ವಾ?

ಎಲ್ಲ ಬಸ್ಸೂ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಖಾಲಿ ಓಡುವ ಹಳೇ ಬಸ್ಸಿನಿಂದ ನಷ್ಟವೇ ಜಾಸ್ತಿ ಇರಬಹುದು. ಎಷ್ಟು ಸೀಟು ತುಂಬುತ್ತದೆ, ದಾರಿ ಎಷ್ಟು ಉದ್ದ, ಎಲ್ಲ ನೋಡಿಯೇ ಹೇಳಬೇಕು. ಆದರೆ ನಿಲ್ಲಿಸುವ ಮೊದಲು ಅದರಲ್ಲಿ ಯಾರು ಕೂರುತ್ತಾರೆ ಅಂತ ಒಂದು ವಾರ ಎಣಿಸಿ.

ಆ ಕಾಲೇಜಿನ ಪ್ರಿನ್ಸಿಪಾಲರು ಬೆಳಗಿನ ಒಂದು ಬಸ್ಸನ್ನು ಮತ್ತೆ ಬಿಟ್ಟರು. ‘ವರದಿಯಲ್ಲಿ ಅಂಕಿ ಏರುತ್ತದಲ್ಲಾ?’ ಎಂದು ಕೇಳಿದರು. ಏರಲಿ ಸರ್, ಪಕ್ಕದಲ್ಲೇ ಹಾಜರಿಯ ಅಂಕಿಯನ್ನೂ ಹಾಕೋಣ ಎಂದೆ.