1870ರಲ್ಲೇ ಓಟಿನ ಹಕ್ಕು ಬಂದಿತ್ತಲ್ಲ, ಮತ್ತೆ 1965ರ ಕಾಯ್ದೆ ಯಾಕೆ ಬೇಕಾಯ್ತು?

ಅಮೆರಿಕದ ಇತಿಹಾಸ ಓದೋವಾಗ ನನ್ನ ತುಂಬಾ ದಿನ ಕಾಡಿದ ಪ್ರಶ್ನೆ ಇದು. 15ನೇ ತಿದ್ದುಪಡಿ, 1870, ಕಪ್ಪು ಜನರಿಗೆ ಮತದಾನದ ಹಕ್ಕು ಅಂತ ಬರ್ಕೊಂಡು ಮುಂದಕ್ಕೆ ಹೋಗ್ತೀವಿ, ನಾಲ್ಕು ಪಾಠ ಆದ್ಮೇಲೆ 1965ರ ವೋಟಿಂಗ್ ರೈಟ್ಸ್ ಆ್ಯಕ್ಟ್ ಬರುತ್ತೆ, ಅದರ ಮುಂದೆಯೂ ಅದೇ ಮಾತು ಬರೀತೀವಿ. ನಡುವಿನ 95 ವರ್ಷ ಏನಾಯ್ತು ಅಂತ ತಿಳೀದೆ ಇದ್ರೆ ಎರಡೂ ಅರ್ಥ ಆಗಲ್ಲ, ಅದಕ್ಕೆ ಈ ನೋಟ್ಸ್‌ನಲ್ಲಿ ಅದೊಂದೇ ಎಳೆ ಹಿಡ್ಕೊಂಡಿದೀನಿ.

ಮೊದ್ಲು ಮೂರು ತಿದ್ದುಪಡಿ ಕಲಸಿಕೊಳ್ಬೇಡಿ. 13ನೇದು (1865) ಗುಲಾಮಗಿರಿ ರದ್ದು, 14ನೇದು (1868) ಪೌರತ್ವ ಮತ್ತು ಕಾನೂನಿನ ಸಮಾನ ರಕ್ಷಣೆ, 15ನೇದು (1870) ಮತದಾನ. ಈ 15ರ ಪದಗಳನ್ನ ನಿಧಾನಕ್ಕೆ ಓದ್ಬೇಕು. ಎಲ್ಲರಿಗೂ ಓಟು ಇದೆ ಅಂತ ಅದು ಎಲ್ಲೂ ಹೇಳಲ್ಲ. ಜನಾಂಗ, ಮೈಬಣ್ಣ, ಹಿಂದೆ ಗುಲಾಮ ಆಗಿದ್ದದ್ದು, ಈ ಮೂರು ಕಾರಣಕ್ಕೆ ಹಕ್ಕು ಕಿತ್ಕೊಳ್ಳೋ ಹಾಗಿಲ್ಲ ಅನ್ನುತ್ತೆ ಅಷ್ಟೇ. ನಾಲ್ಕನೇ ಕಾರಣ ಹುಡುಕಿದ್ರೆ? ಎಲ್ಲಾ ಇರೋದು ಇಲ್ಲೇ. ಹೆಣ್ಣು ಅನ್ನೋ ಕಾರಣಕ್ಕೆ ಓಟು ಕೊಡದೆ ಇರೋದೂ ಇದರಿಂದ ನಿಲ್ಲಲಿಲ್ಲ, ಅದಕ್ಕೆ 1920ರ 19ನೇ ತಿದ್ದುಪಡಿ ತನಕ ಕಾಯಬೇಕಾಯ್ತು.

ಶುರುವಿನ ಕೆಲವು ವರ್ಷ 15ನೇ ತಿದ್ದುಪಡಿ ನಿಜವಾಗಿ ಕೆಲಸ ಮಾಡ್ತು, ಯಾಕಂದ್ರೆ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳಲ್ಲಿ ಫೆಡರಲ್, ಅಂದ್ರೆ ಕೇಂದ್ರ ಸರ್ಕಾರದ, ಸೇನೆ ಇತ್ತು. 1870ರಲ್ಲಿ ಮಿಸಿಸಿಪಿಯಿಂದ ಹೈರಮ್ ರೆವೆಲ್ಸ್ ಸೆನೆಟ್‌ಗೆ ಹೋದ್ರು, ಅಲ್ಲಿ ಕೂತ ಮೊದಲ ಕಪ್ಪು ಸದಸ್ಯ ಅವರೇ. ಆಮೇಲೆ 1876ರ ಅಧ್ಯಕ್ಷ ಚುನಾವಣೆ ತಕರಾರಲ್ಲಿ ಸಿಕ್ಕಿಹಾಕ್ಕೊಂಡು, 1877ರಲ್ಲಿ ಹೇಯ್ಸ್ ಅಧ್ಯಕ್ಷರಾಗಿ, ದಕ್ಷಿಣದ ಸರ್ಕಾರಗಳ ಬೆನ್ನಿಗಿದ್ದ ಸೇನೆ ಹಿಂದಕ್ಕೆ ಸರೀತು. ರಿಕನ್‌ಸ್ಟ್ರಕ್ಷನ್, ಅಂದ್ರೆ ಯುದ್ಧದ ನಂತರದ ಪುನರ್ನಿರ್ಮಾಣದ ಕಾಲ, ಅಲ್ಲಿಗೆ ಮುಗೀತು.

ಈಗ ನಾಲ್ಕನೇ ಕಾರಣಕ್ಕೆ ಬರೋಣ. 1890ರ ಮಿಸಿಸಿಪಿ ಸಂವಿಧಾನದಲ್ಲಿ ವರ್ಷಕ್ಕೆ 2 ಡಾಲರ್ ಪೋಲ್ ಟ್ಯಾಕ್ಸ್ (ಓಟು ಹಾಕ್ಬೇಕಂದ್ರೆ ಕಟ್ಟಬೇಕಾದ ತೆರಿಗೆ), ಅದರ ಜೊತೆಗೆ ಸಂವಿಧಾನದ ಯಾವುದಾದ್ರೂ ಒಂದು ಭಾಗ ಓದ್ಬೇಕು ಅಥವಾ ಓದಿದ್ದು ಕೇಳಿ ಅರ್ಥ ಹೇಳ್ಬೇಕು ಅನ್ನೋ ನಿಯಮ ಬಂತು. ಹೇಳಿದ ಅರ್ಥ ಸರಿನಾ ತಪ್ಪಾ ಅಂತ ತೀರ್ಮಾನ ಮಾಡೋನು ಪಟ್ಟಿಗೆ ಹೆಸರು ಸೇರಿಸೋ ಬಿಳಿಯ ಅಧಿಕಾರಿ (ರಿಜಿಸ್ಟ್ರಾರ್) ಒಬ್ಬನೇ. ಬಿಳಿಯನಿಗೆ ಸುಲಭದ ಸಾಲು, ಕಪ್ಪು ಜನರಿಗೆ ವಕೀಲರೂ ತಡವರಿಸೋ ಸಾಲು. ಲೂಸಿಯಾನಾ 1898ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಗ್ರ್ಯಾಂಡ್‌ಫಾದರ್ ಕ್ಲಾಸ್ ತಂತು, ಅಂದ್ರೆ 1867ರ ಜನವರಿ 1ಕ್ಕೆ ನಿಮಗೋ ನಿಮ್ಮ ಅಪ್ಪನಿಗೋ ಅಜ್ಜನಿಗೋ ಓಟಿನ ಹಕ್ಕು ಇದ್ದಿದ್ರೆ ಪರೀಕ್ಷೆ ಬೇಡ. ಆ ದಿನಕ್ಕೆ ಅಲ್ಲಿ ಯಾವ ಕಪ್ಪು ಅಜ್ಜನಿಗೂ ಓಟು ಇರ್ಲಿಲ್ಲ, ಆ ತಾರೀಖು ಹುಡುಕಿದ್ದೇ ಅದಕ್ಕೆ. ಲೂಸಿಯಾನಾದ ವೋಟರ್ ಲಿಸ್ಟ್‌ನಲ್ಲಿ 1896ರಲ್ಲಿ 1,30,334 ಕಪ್ಪು ಜನ ಇದ್ರು, 1900ಕ್ಕೆ 5,320. ಈ ಎರಡು ಅಂಕಿ ನೆನಪಿಟ್ಕೊಂಡ್ರೆ ಸಾಕು, ಬೇರೆ ವಿವರಣೆ ಬೇಕಾಗಲ್ಲ.

ಕೋರ್ಟ್ ಏನ್ ಮಾಡ್ತಿತ್ತು ಅಂತ ಕೇಳ್ತೀರಾ. 1898ರ ವಿಲಿಯಮ್ಸ್ ವರ್ಸಸ್ ಮಿಸಿಸಿಪಿ ಕೇಸಲ್ಲಿ ಸುಪ್ರೀಂ ಕೋರ್ಟು ಈ ನಿಯಮಗಳು ಜನಾಂಗದ ಹೆಸರು ಎತ್ತಿಲ್ಲವಲ್ಲ ಅಂತ ಒಪ್ಪಿಬಿಡ್ತು. 1915ರಲ್ಲಿ ಓಕ್ಲಹೋಮದ ಕೇಸಲ್ಲಿ ಗ್ರ್ಯಾಂಡ್‌ಫಾದರ್ ಕ್ಲಾಸ್ ಬಿದ್ದೋಯ್ತು ನಿಜ, ಆದ್ರೆ ಮರುವರ್ಷವೇ ಓಕ್ಲಹೋಮ ಹೊಸ ಕಾನೂನು ತಂತು: 1914ರಲ್ಲಿ ಓಟು ಹಾಕಿದೋರ ಹೆಸರು ತಾನಾಗೇ ಇರುತ್ತೆ, ಉಳಿದೋರು 12 ದಿನದ ಒಳಗೆ ಹೆಸರು ಸೇರಿಸ್ಬೇಕು, ಇಲ್ಲಾಂದ್ರೆ ಜೀವನಪೂರ್ತಿ ಇಲ್ಲ. ಅದು ರದ್ದಾಗೋಕೆ 1939 ಆಯ್ತು. ಒಂದು ಬಾಗಿಲು ತೆಗೆಸೋಕೆ 23 ವರ್ಷ, ಮುಚ್ಚೋರಿಗೆ ಒಂದೇ ವರ್ಷ ಸಾಕು. ಈ ಲೆಕ್ಕ ತಲೇಲಿ ಇರ್ಲಿ, 1965ರ ಕಾಯ್ದೆ ಪರಿಹಾರ ಕೊಟ್ಟಿದ್ದು ಇದಕ್ಕೇ.

1957 ಮತ್ತು 1960ರ ಸಿವಿಲ್ ರೈಟ್ಸ್ ಕಾಯ್ದೆಗಳು ಒಂದೊಂದು ಕೌಂಟಿ (ನಮ್ಮ ಜಿಲ್ಲೆ ಥರ) ಮೇಲೆ ಕೇಸ್ ಹಾಕೋ ದಾರಿ ಹಿಡಿದ್ವು, ಫಲ ತುಂಬಾ ಕಮ್ಮಿ. 1964ರ ದೊಡ್ಡ ಕಾಯ್ದೆ ಮುಖ್ಯವಾಗಿ ಹೋಟೆಲ್, ಥಿಯೇಟರ್, ಶಾಲೆ, ಉದ್ಯೋಗದಲ್ಲಿನ ತಾರತಮ್ಯದ ಮೇಲೆ, ಇದನ್ನೂ 1965ರದ್ದನ್ನೂ ಒಂದೇ ಅಂದ್ಕೊಂಡು ಬರೆಯೋರು ತುಂಬಾ ಜನ ಇದಾರೆ, ಹುಷಾರು. ಅದೇ 1964ರಲ್ಲಿ 24ನೇ ತಿದ್ದುಪಡಿ ಫೆಡರಲ್ ಚುನಾವಣೆಗೆ ಪೋಲ್ ಟ್ಯಾಕ್ಸ್ ತೆಗೀತು.

ಈ ಹೊತ್ತಿಗೆ ಹಳ್ಳಿಗಳಲ್ಲಿ ಸ್ಥಿತಿ ಹೇಗಿತ್ತು ಅನ್ನೋಕೆ ಫ್ಯಾನಿ ಲೂ ಹೇಮರ್ ಅನ್ನೋ ಕಪ್ಪು ಮಹಿಳೆಯನ್ನ ನೋಡಿ. 1962ರ ಆಗಸ್ಟಲ್ಲಿ ಮಿಸಿಸಿಪಿಯ ಇಂಡಿಯನೋಲಾಗೆ ಹೆಸರು ಸೇರಿಸೋಕೆ ಹೋದ್ರು, 18 ವರ್ಷ ದುಡಿದ ಹತ್ತಿ ತೋಟದ ಮಾಲೀಕ ಅವತ್ತೇ ಅರ್ಜಿ ವಾಪಸ್ ತಗೋ ಇಲ್ಲಾ ಜಾಗ ಖಾಲಿ ಮಾಡು ಅಂದ, ಅವರು ಅರ್ಜಿ ವಾಪಸ್ ತಗೊಳ್ಳದೆ ಮನೆ ಬಿಟ್ಟು ಹೊರಟ್ರು. ಇದನ್ನ ಓದಿದ ದಿನ ನಂಗೆ ಓದು ಮುಂದುವರಿಸೋಕೆ ಆಗ್ಲಿಲ್ಲ.

ಅಲಬಾಮಾದಲ್ಲಿ ಸೆಲ್ಮಾ ಊರಿರೋ ಡಲ್ಲಾಸ್ ಕೌಂಟಿಲಿ ಓಟಿನ ವಯಸ್ಸಿನ ಕಪ್ಪು ಜನ ಸುಮಾರು 15,000. ಸರ್ಕಾರ ನಾಲ್ಕು ವರ್ಷ ಕೇಸ್ ನಡೆಸಿದ ಮೇಲೂ ಪಟ್ಟಿಲಿ ಇದ್ದಿದ್ದು 383 ಜನ. 1965ರ ಮಾರ್ಚ್ 7ರ ಭಾನುವಾರ ಸುಮಾರು 600 ಜನ ಸೆಲ್ಮಾದಿಂದ ರಾಜ್ಯದ ರಾಜಧಾನಿ ಮಾಂಟ್‌ಗಮರಿ ಕಡೆ ನಡ್ಕೊಂಡು ಹೊರಟ್ರು, ಎಡ್ಮಂಡ್ ಪೆಟಸ್ ಸೇತುವೆ ದಾಟ್ತಿದ್ದ ಹಾಗೆ ಪೊಲೀಸ್ರು ಲಾಠಿ, ಅಶ್ರುವಾಯು ಹಿಡ್ಕೊಂಡು ಮೇಲೆ ಬಿದ್ರು, ಮೆರವಣಿಗೆ ಮುಂದಿದ್ದ 25 ವರ್ಷದ ಜಾನ್ ಲೂಯಿಸ್ ತಲೆಬುರುಡೆ ಬಿರುಕು ಬಿಡ್ತು. ಟಿವಿಲಿ ಇಡೀ ದೇಶ ಅದನ್ನ ನೋಡ್ತು. ಎಂಟೇ ದಿನಕ್ಕೆ ಅಧ್ಯಕ್ಷ ಜಾನ್ಸನ್ ಸಂಸತ್ತಿನ ಮುಂದೆ ನಿಂತು ಹೊಸ ಕಾಯ್ದೆ ಕೇಳಿದ್ರು, ಆಗಸ್ಟ್ 6ಕ್ಕೆ ಸಹಿ ಬಿತ್ತು.

ಕಾಯ್ದೆ ಒಳಗೆ ನೋಡ್ಬೇಕಾದ್ದು ಮೂರು ಸೆಕ್ಷನ್. ಸೆಕ್ಷನ್ 2 ದೇಶಕ್ಕೆಲ್ಲಾ ಅನ್ವಯಿಸೋ ನಿಷೇಧ, ತಾರತಮ್ಯ ಆದ್ಮೇಲೆ ಕೇಸ್ ಹಾಕೋಕೆ. ಸೆಕ್ಷನ್ 4 ಒಂದು ಸೂತ್ರ: 1964ರ ನವೆಂಬರಲ್ಲಿ ಓದಿಸಿ ಅರ್ಥ ಕೇಳೋಂಥ ಪರೀಕ್ಷೆ ಇಟ್ಕೊಂಡಿದ್ದು, ಓಟಿನ ವಯಸ್ಸಿನೋರಲ್ಲಿ 50%ಗಿಂತ ಕಮ್ಮಿ ಜನ ಪಟ್ಟಿಲಿದ್ರೆ ಅಥವಾ ಓಟು ಹಾಕಿದ್ರೆ ಆ ಜಾಗ ಹಿಡಿತಕ್ಕೆ ಬರುತ್ತೆ. ಸೆಕ್ಷನ್ 5 ಪ್ರಕಾರ ಅಂಥ ಜಾಗದಲ್ಲಿ ಓಟಿಗೆ ಸಂಬಂಧಪಟ್ಟ ಯಾವ ನಿಯಮ ಬದಲಾಯಿಸೋಕೂ ಮೊದಲೇ ವಾಷಿಂಗ್ಟನ್ನಿನ ಅನುಮತಿ ಬೇಕು, ತಾರತಮ್ಯ ಇಲ್ಲ ಅಂತ ಸಾಬೀತು ಮಾಡೋ ಹೊಣೆ ರಾಜ್ಯದ್ದು. ಓಕ್ಲಹೋಮದ 23 ವರ್ಷ ನೆನಪಿಸ್ಕೊಳ್ಳಿ, ಅಲ್ಲಿ ಕಾಯೋ ಕಷ್ಟ ಹಕ್ಕು ಕಳ್ಕೊಂಡೋರದ್ದಾಗಿತ್ತು, ಇಲ್ಲಿ ಅದು ರಾಜ್ಯದ ಕಡೆಗೆ ತಿರುಗ್ತು. ಮಿಸಿಸಿಪಿಯ ಕಪ್ಪು ಮತದಾರರ ನೋಂದಣಿ 6.7% ಇದ್ದಿದ್ದು 1967ಕ್ಕೆ 59.8% ಆಯ್ತು.

ಸೆಕ್ಷನ್ 5 ಶಾಶ್ವತ ಅಲ್ಲ, ಆಗಾಗ ಮುಂದುವರಿಸ್ತಾ ಬಂದ್ರು, 2006ರಲ್ಲಿ ಸೆನೆಟ್ 98-0 ಓಟಲ್ಲಿ ಇನ್ನೂ 25 ವರ್ಷಕ್ಕೆ ಒಪ್ಪಿತು. ಆದ್ರೆ 2013ರ ಜೂನ್ 25ರಂದು ಶೆಲ್ಬಿ ಕೌಂಟಿ ಕೇಸಲ್ಲಿ ಸುಪ್ರೀಂ ಕೋರ್ಟು 5-4ರಿಂದ ಸೆಕ್ಷನ್ 4ರ ಸೂತ್ರ ಹಳೇದಾಯ್ತು ಅಂತ ರದ್ದು ಮಾಡ್ತು. ಪರೀಕ್ಷೆಲಿ ಸೆಕ್ಷನ್ 5 ರದ್ದಾಯ್ತು ಅಂತ ಬರೀಬೇಡಿ, ಅದು ಪುಸ್ತಕದಲ್ಲಿ ಹಾಗೇ ಇದೆ, ಯಾರಿಗೆ ಅನ್ವಯಿಸ್ಬೇಕು ಅನ್ನೋ ಸೂತ್ರ ಮಾತ್ರ ಇಲ್ಲ. ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಭಿನ್ನ ತೀರ್ಪಲ್ಲಿ, ನೆನೀತಿಲ್ಲ ಅಂತ ಮಳೇಲಿ ಕೊಡೆ ಬಿಸಾಕಿದ ಹಾಗೆ ಅಂದ್ರು. ಓಟು ಹಾಕೋಕೆ ಫೋಟೋ ಐಡಿ ಬೇಕು ಅನ್ನೋ, ಸೆಕ್ಷನ್ 5 ತಡೆದಿಟ್ಟಿದ್ದ ಕಾನೂನನ್ನ ಜಾರಿ ಮಾಡ್ತೀವಿ ಅಂತ ಟೆಕ್ಸಾಸ್ ಘೋಷಿಸಿದ್ದು ಅದೇ ದಿನ.