ಶೇ 96.8 ಅಂದರೆ ಎಷ್ಟು? ಎಐ ಅಂಕಪಟ್ಟಿಯ ಹಿಂದಿನ ಕಥೆ

ಹೊಸ ಎಐ ಮಾಡೆಲ್ ಬಿಡುಗಡೆಯಾದ ದಿನವೇ ಅದರ ಅಂಕಪಟ್ಟಿಯೂ ಬರುತ್ತದೆ. ಗಣಿತದಲ್ಲಿ ಇಷ್ಟು, ಕೋಡಿಂಗ್‌ನಲ್ಲಿ ಇಷ್ಟು, ಕಾನೂನಿನಲ್ಲಿ ಇಷ್ಟು. ವಾರ ಕಳೆಯುವುದರೊಳಗೆ ಯಾರೋ ಒಬ್ಬರು ‘ಅಂಗಡಿ ಲೆಕ್ಕವನ್ನೇ ತಪ್ಪು ಮಾಡಿತು’ ಎಂದು ಸ್ಕ್ರೀನ್‌ಶಾಟ್ ಹಾಕುತ್ತಾರೆ. ಅಂಕವೂ ಸುಳ್ಳಲ್ಲ, ಸ್ಕ್ರೀನ್‌ಶಾಟೂ ಸುಳ್ಳಲ್ಲ. ಹಾಗಾದರೆ ಆ ಅಂಕ ಏನನ್ನು ಅಳೆಯಿತು ಎಂದು ಕೇಳಿದರೆ ತುಸು ಹಿಂದಕ್ಕೆ ಹೋಗಬೇಕಾಗುತ್ತದೆ.

ಯಂತ್ರವೊಂದು ಮಾತಿನಲ್ಲಿ ಮನುಷ್ಯನಂತೆ ನಂಬಿಸಬಲ್ಲದೇ ಎಂದು ಅಲನ್ ಟ್ಯೂರಿಂಗ್ 1950ರಲ್ಲಿ ಕೇಳಿದರು. 1966ರ ಹೊತ್ತಿಗೆ ‘ಎಲೈಜಾ’ ಎಂಬ ಪುಟ್ಟ ಪ್ರೋಗ್ರಾಂ, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಮಾಡುತ್ತ, ಕೆಲವರನ್ನು ನಂಬಿಸಿಯೂ ಬಿಟ್ಟಿತು. ಅದೇ ವರ್ಷ ಅಮೆರಿಕದ ಸಮಿತಿಯೊಂದು ಯಂತ್ರಾನುವಾದಕ್ಕೆ ಸುರಿದ ಹಣ ದಂಡ ಎಂಬರ್ಥದ ವರದಿ ಕೊಟ್ಟಿತು. 1973ರಲ್ಲಿ ಬ್ರಿಟನ್‌ನ ಲೈಟ್‌ಹಿಲ್ ವರದಿ ಎಐ ಸಂಶೋಧನೆಗೇ ತಣ್ಣೀರೆರಚಿತು. ಡೆಮೊ ತೋರಿಸಿ ಚಪ್ಪಾಳೆ ಗಿಟ್ಟಿಸುವ ಪದ್ಧತಿಗೆ ಕಡಿವಾಣ ಬಿದ್ದದ್ದು 1980ರ ದಶಕದ ಕೊನೆಯಲ್ಲಿ. ಧ್ವನಿ ಗುರುತಿಸುವ ಸಂಶೋಧನೆಗೆ ಹಣ ಕೊಡುತ್ತಿದ್ದ ಅಮೆರಿಕ ಸರ್ಕಾರ ಷರತ್ತು ಹಾಕಿತು: ಎಲ್ಲ ತಂಡಗಳಿಗೂ ಒಂದೇ ಡೇಟಾ, ಒಂದೇ ಬಚ್ಚಿಟ್ಟ ಪರೀಕ್ಷೆ, ಒಂದೇ ಮೌಲ್ಯಮಾಪನ. ಅಳೆಯುವ ಹೊಣೆ ಹೊತ್ತದ್ದು ‘ನಿಸ್ಟ್’. ನಮ್ಮಲ್ಲಿ ತಕ್ಕಡಿಗೆ ಸೀಲ್ ಹಾಕಲು ಬರುತ್ತಾರಲ್ಲ, ಆ ಬಗೆಯ ಕೆಲಸಕ್ಕೇ ಹುಟ್ಟಿದ ಸಂಸ್ಥೆ.

ಇದೇ ನಿಸ್ಟ್ ಬಳಿ ಕೈಬರಹದ ಅಂಕಿಗಳ ಎರಡು ಕಟ್ಟುಗಳಿದ್ದವು. ಒಂದನ್ನು ಜನಗಣತಿ ಕಚೇರಿಯ ನೌಕರರು ಬರೆದಿದ್ದರು, ಇನ್ನೊಂದನ್ನು ಹೈಸ್ಕೂಲ್ ಹುಡುಗರು. ಮೊದಲನೆಯದರಿಂದ ಕಂಪ್ಯೂಟರಿಗೆ ಕಲಿಸಿ ಎರಡನೆಯದರಿಂದ ಪರೀಕ್ಷಿಸುವುದು ಲೆಕ್ಕಾಚಾರ. ನೌಕರರದು ಅಚ್ಚುಕಟ್ಟಾದ ಬರಹ, ಹುಡುಗರದು ಕಾಗೆ ಕಾಲು ಗುಬ್ಬಿ ಕಾಲು. ಓದಿದ್ದೊಂದು, ಪರೀಕ್ಷೆಗೆ ಬಂದದ್ದೊಂದು. ಹೀಗಾದರೆ ಫಲಿತಾಂಶ ನಂಬುವುದು ಹೇಗೆಂದು ಎಐ ಸಂಶೋಧಕ ಯಾನ್ ಲಕುನ್ ಮತ್ತು ಜೊತೆಗಾರರು ಎರಡೂ ಕಟ್ಟುಗಳನ್ನು ಅರ್ಧರ್ಧ ಬೆರೆಸಿದರು. ಕಲಿಕೆಗೆ 60,000 ಚಿತ್ರ, ಪರೀಕ್ಷೆಗೆ 10,000. ಕಲಿಕೆಯಲ್ಲಿ ಬರೆದವರ ಕೈ ಪರೀಕ್ಷೆಯಲ್ಲಿ ಬಾರದಂತೆಯೂ ನೋಡಿಕೊಂಡರು. ಇದೇ ‘ಎಂನಿಸ್ಟ್’. 1990ರ ದಶಕದ ಕೊನೆಯಿಂದ ಈ ವಿಷಯ ಕಲಿತವರೆಲ್ಲ ಬಹುತೇಕ ಇದರಲ್ಲೇ ಅಕ್ಷರಾಭ್ಯಾಸ ಮಾಡಿದವರು.

ಬೆರೆಸಿದ್ದು ಪ್ರಯೋಗದ ದೃಷ್ಟಿಯಿಂದ ಸರಿಯೇ. ಆದರೆ ನೌಕರರ ಬರಹ ನೋಡಿ ಕಲಿತದ್ದು ಹುಡುಗರ ಬರಹ ಓದಬಲ್ಲದೇ ಎಂಬ, ಅಂಚೆ ಕಚೇರಿಗೋ ಬ್ಯಾಂಕಿಗೋ ನಿಜವಾಗಿ ಬೇಕಿದ್ದ ಪ್ರಶ್ನೆ ಆ ಬೆರಕೆಯಲ್ಲೇ ಕರಗಿ ಹೋಯಿತು. ಅಂಕ ಮಾತ್ರ ಶೇ 99 ದಾಟಿ ಮೇಲೇರಿತು.

ಆ ಪ್ರಶ್ನೆ ಮತ್ತೆ ತಲೆಯೆತ್ತಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ‘ಕನ್ನಡ-ಎಂನಿಸ್ಟ್’ ಬಂತು. ನಗರದ 65 ಸ್ವಯಂಸೇವಕರು ಹಾಳೆಗಳ ಮೇಲೆ ಕನ್ನಡ ಅಂಕಿ ಬರೆದುಕೊಟ್ಟರು, ಸ್ಕ್ಯಾನ್ ಮಾಡಿ ಅದೇ 60,000 ಮತ್ತು 10,000ದ ಅಚ್ಚಿಗೆ ಕೂರಿಸಿದರು. ಜೊತೆಗೆ ಇನ್ನೊಂದು ಪರೀಕ್ಷಾ ಕಟ್ಟನ್ನೂ ಇಟ್ಟರು. ಸುಮಾರು 10,000 ಚಿತ್ರಗಳ ಈ ‘ಡಿಗ್-ಎಂನಿಸ್ಟ್’ನಲ್ಲಿ ಬರೆದವರು ಬಹುತೇಕ ಕನ್ನಡ ಬರೆದು ರೂಢಿಯಿಲ್ಲದವರು. ಮೊದಲ ಪರೀಕ್ಷೆಯಲ್ಲಿ ಶೇ 96.8 ಪಡೆದ ಪ್ರೋಗ್ರಾಂ ಎರಡನೆಯದರಲ್ಲಿ ಶೇ 76.1ಕ್ಕೆ ಇಳಿಯಿತು. ಅದೇ ಹತ್ತು ಅಂಕಿ, ಅದೇ ಪ್ರೋಗ್ರಾಂ. ಬದಲಾದದ್ದು ಬರೆದ ಕೈ. ಬಸ್ಸಿನ ಬೋರ್ಡ್ ನೋಡಿ ಅದು ೩ ಇರಬಹುದೇ ೭ ಇರಬಹುದೇ ಎಂದು ಕತ್ತು ಚಾಚಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಆದರೆ ಎರಡನೇ ಕಟ್ಟು ಇಲ್ಲದಿದ್ದರೆ ನಮ್ಮ ಕೈಯಲ್ಲಿ 96.8 ಒಂದೇ ಉಳಿಯುತ್ತಿತ್ತು.

ಅದೇ ಸುಮಾರಿಗೆ ಬೇರೆ ಕಡೆಯೂ ಇಂಥ ಮರುಪರೀಕ್ಷೆಗಳು ನಡೆದವು. ಫೋಟೊದಲ್ಲಿರುವುದು ಏನೆಂದು ಗುರುತಿಸುವ, 2012ರ ನಂತರದ ಎಐ ಅಬ್ಬರಕ್ಕೆ ಕಾರಣವಾದ ‘ಇಮೇಜ್‌ನೆಟ್’ ಪರೀಕ್ಷೆಯನ್ನು ಹಳೆಯ ವಿಧಾನದಲ್ಲೇ ಹೊಸ ಚಿತ್ರಗಳಿಂದ ಮತ್ತೆ ಕಟ್ಟಿದಾಗ ಅಂಕ ಶೇ 11ರಿಂದ 14ರಷ್ಟು ಕುಸಿಯಿತು. ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ವ್ಯವಸ್ಥೆಗಳಲ್ಲಿ ತಿಳಿಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ಶೇ 1ನ್ನೂ ಮುಟ್ಟಿರಲಿಲ್ಲ, ಕಪ್ಪು ಬಣ್ಣದ ಹೆಂಗಸರಲ್ಲಿ ಶೇ 34.7ರವರೆಗೆ ಹೋಗಿತ್ತು. ಸರಾಸರಿಯೊಳಗೆ ಎರಡೂ ಅಡಗಿ ಕೂತಿದ್ದವು.

ಚಾಟ್‌ಬಾಟ್‌ಗಳ ಕಾಲಕ್ಕೆ ಸಮಸ್ಯೆಯ ಸ್ವರೂಪವೇ ಬೇರೆಯಾಯಿತು. 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರ ಪತ್ರಿಕೆ ಎರಡೆರಡು ಸಲ ಸೋರಿಕೆಯಾದಾಗ ಯಾರೋ ಕದ್ದಿದ್ದಾರೆ ಎಂದಾದರೂ ಹೇಳಬಹುದಿತ್ತು. ಇಲ್ಲಿ ಕದಿಯುವ ಪ್ರಮೇಯವೇ ಇಲ್ಲ. ಪ್ರಶ್ನೆ, ಉತ್ತರ ಎರಡೂ ಇಂಟರ್ನೆಟ್ಟಿನಲ್ಲೇ ಇವೆ. ಇಂಟರ್ನೆಟ್ಟನ್ನೆಲ್ಲ ಓದು ಎಂದಾಗ ಮಾಡೆಲ್ ಅವನ್ನೂ ಓದಿರುತ್ತದೆ. 57 ವಿಷಯಗಳ ‘ಎಂಎಂಎಲ್‌ಯು’ ಪರೀಕ್ಷೆ 2020ರಲ್ಲಿ ಬಂದಾಗ ಓಪನ್‌ಎಐ ಕಂಪನಿಯ ಜಿಪಿಟಿ-3 ಮಾಡೆಲ್ ನೂರಕ್ಕೆ 44ರ ಆಸುಪಾಸಿನಲ್ಲಿತ್ತು. ಕೆಲವೇ ವರ್ಷಗಳಲ್ಲಿ ಬೇರೆ ಮಾಡೆಲ್‌ಗಳು 90ರ ಹತ್ತಿರ ಬಂದವು. ಅದರಲ್ಲಿ ಬುದ್ಧಿ ಎಷ್ಟು, ಬಾಯಿಪಾಠ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಕನ್ನಡದ ಸಾಮರ್ಥ್ಯ ಅಳೆಯಲು ಇದೇ ಪರೀಕ್ಷೆಯನ್ನು ಯಂತ್ರದಿಂದಲೇ ಕನ್ನಡಕ್ಕೆ ತಿರುಗಿಸಿದ್ದೂ ಉಂಟು. ಅಮೆರಿಕದ ಕಾನೂನು, ಅಮೆರಿಕದ ಇತಿಹಾಸ, ಲಿಪಿ ಮಾತ್ರ ನಮ್ಮದು! 2024ರಲ್ಲಿ ಐಐಟಿ ಮದ್ರಾಸಿನ ‘ಎಐ4ಭಾರತ್’ ತಂಡ ‘ಮಿಲು’ ಎಂಬ ಪರೀಕ್ಷೆ ಕಟ್ಟಿತು. ರಾಜ್ಯಮಟ್ಟದ ಪರೀಕ್ಷೆಗಳ ಪ್ರಶ್ನೆಗಳನ್ನೂ ಅದಕ್ಕೆ ಕಲೆಹಾಕಿದ ಮೇಲೆ ಸ್ಥಳೀಯ ಇತಿಹಾಸ, ಹಬ್ಬ, ಕಲೆಗಳೂ ಪ್ರಶ್ನೆಗಳಾದವು.

ಇವೆಲ್ಲ ಕೊಠಡಿಯೊಳಗಿನ ಪರೀಕ್ಷೆಗಳು. ಹೊರಗಿನ ಕೆಲಸಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಕೋವಿಡ್ ಕಾಲ ಸಾಕ್ಷಿ. ಎದೆಯ ಚಿತ್ರ ನೋಡಿ ರೋಗ ಹೇಳುವ ಎಐ ಬಗ್ಗೆ 2,212 ಅಧ್ಯಯನಗಳನ್ನು ಹುಡುಕಿ, ಜರಡಿ ಹಿಡಿದು ಉಳಿದ 62ನ್ನು 2021ರಲ್ಲಿ ಕೂಲಂಕಷ ಪರಿಶೀಲಿಸಿದಾಗ, ಆಸ್ಪತ್ರೆಯಲ್ಲಿ ಬಳಸಲು ಯೋಗ್ಯವಾದದ್ದು ಒಂದೂ ಸಿಗಲಿಲ್ಲ. ಕೆಲವರು ಕೋವಿಡ್ ಇಲ್ಲದವರ ಎಕ್ಸ್‌ರೇ ಎಂದು ಬಳಸಿದ್ದು ಒಂದರಿಂದ ಐದು ವರ್ಷದ ಮಕ್ಕಳದ್ದು. ಅಲ್ಲಿ ಮಾಡೆಲ್ ಕಲಿತದ್ದು ರೋಗವನ್ನೋ ವಯಸ್ಸನ್ನೋ?

ಔಷಧಿಗೆ ಮಾಡುವಂತೆ ಚೀಟಿ ಎತ್ತಿ ಎರಡು ಗುಂಪು ಮಾಡಿ ಹೋಲಿಸುವ ಪ್ರಯೋಗಗಳು ಈಚೆಗೆ ಬರುತ್ತಿವೆ. ಸ್ವೀಡನ್‌ನಲ್ಲಿ 80,000ಕ್ಕೂ ಹೆಚ್ಚು ಮಹಿಳೆಯರ ಸ್ತನ ಕ್ಯಾನ್ಸರ್ ತಪಾಸಣೆಯಲ್ಲಿ ಹಾಗೆ ಮಾಡಿದಾಗ, ಎಐ ನೆರವಿದ್ದ ಗುಂಪಿನಲ್ಲಿ ಸಾವಿರಕ್ಕೆ 6, ಇಲ್ಲದ ಗುಂಪಿನಲ್ಲಿ ಸಾವಿರಕ್ಕೆ 5ರಂತೆ ಕ್ಯಾನ್ಸರ್ ಪತ್ತೆಯಾಯಿತು. ಚಿತ್ರ ಓದುವ ವೈದ್ಯರ ಕೆಲಸ ಶೇ 44 ಕಡಿಮೆಯಾಯಿತು. ನನಗೆ ಯಾವ ಅಂಕಪಟ್ಟಿಗಿಂತಲೂ ಇದು ಹೆಚ್ಚು ತೂಕದ್ದಾಗಿ ಕಾಣುತ್ತದೆ.

2025ರ ಇನ್ನೊಂದು ಪ್ರಯೋಗದಲ್ಲಿ 16 ಅನುಭವಿ ಪ್ರೋಗ್ರಾಮರ್‌ಗಳು 246 ಕೆಲಸ ಮಾಡಿದರು. ಯಾವ ಕೆಲಸಕ್ಕೆ ಎಐ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬುದನ್ನು ಅದೃಷ್ಟಕ್ಕೆ ಬಿಟ್ಟಿದ್ದರು. ಶೇ 24 ಸಮಯ ಉಳಿಯುತ್ತದೆ ಎಂದು ಅವರು ಮೊದಲೇ ಅಂದಾಜಿಸಿದ್ದರು. ಕೆಲಸ ಮುಗಿದ ಮೇಲೂ ಶೇ 20 ಉಳಿಯಿತು ಎಂದೇ ಅವರಿಗೆ ಅನ್ನಿಸಿತು. ಗಡಿಯಾರದ ಪ್ರಕಾರ ಎಐ ಬಳಸಿದಾಗ ಶೇ 19 ಹೆಚ್ಚು ಸಮಯ ಹಿಡಿದಿತ್ತು. ಆದರೆ ಅವರು ತಿದ್ದುತ್ತಿದ್ದದ್ದು ವರ್ಷಗಟ್ಟಲೆ ತಾವೇ ಪಳಗಿಸಿದ ಕೋಡ್. ಹೊಸಬರ ಕೈಗೆ ಅದೇ ಸಾಧನ ಕೊಟ್ಟರೆ ಏನಾಗುತ್ತದೆ ಎಂದು ಆ ಪ್ರಯೋಗ ಹೇಳುವುದಿಲ್ಲ. ನಡೆಸಿದವರೂ ಹಾಗೆಂದು ಹೇಳಿಕೊಂಡಿಲ್ಲ.